ಬಸ್ ಉಚಿತ, ಕೂಲಿ ಖೋತಾ

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸುಮಾರು 250 ಕಿ.ಮೀ. ದೂರ. ಅಲ್ಲಿ ಅಮ್ಮನಿಗೆ ಕಿಮೋ ಎಂದರೆ ಮಗಳ ಕ್ಯಾಲೆಂಡರ್ ಬದಲಾಗುತ್ತದೆ. ಹಲವು ಬಗೆಯ ಚಿಕಿತ್ಸೆಯಲ್ಲಿ ಮೂರು ವಾರಕ್ಕೊಂದು ಸುತ್ತು. ಪ್ರತಿ ಸುತ್ತಿಗೂ ಮುಂಚೆ ರಕ್ತಪರೀಕ್ಷೆ. ಬಿಳಿ ರಕ್ತಕಣ ಇಳಿದಿದ್ದರೆ ದಿನಾಂಕ ಮುಂದಕ್ಕೆ.

ಕಷ್ಟ ಇರುವುದು ಊರಿಗೆ ಮರಳಿದ ಮೇಲೆ. ಒಂದೆರಡು ವಾರ ಸೋಂಕು ತಗಲುವ ಭಯ. ಜ್ವರ 100.4 ಡಿಗ್ರಿ ಮುಟ್ಟಿತೋ, ಕಷಾಯ ಕುಡಿಸಿ ಕಾಯುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಲೇಬೇಕು. ಬಾಯಿಹುಣ್ಣಾದ ಅಮ್ಮನಿಗೆ ಖಾರವಿಲ್ಲದ ಗಂಜಿ, ಕುದಿಸಿ ಆರಿಸಿದ ನೀರು. ಥರ್ಮಾಮೀಟರ್ ನೋಡುವವಳೂ ಇವಳೇ, ಫೈಲು ಹಿಡಿದು ಕ್ಯೂ ನಿಲ್ಲುವವಳೂ ಇವಳೇ. ಗಂಡುಮಕ್ಕಳಿರುವ ಮನೆಯಲ್ಲೂ ಇದು ಮಗಳ ಪಾಲಿಗೇ ಬರುವುದೇಕೋ!

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಕೆಂಪು ಬಸ್ಸೂ ಉಚಿತ. ಸ್ಲೀಪರ್‌ಗೆ ಅದು ಅನ್ವಯಿಸದು. ವಾಂತಿ ಬರುವ ಅಮ್ಮ ರಾತ್ರಿಯಿಡೀ ಕೂತೇ ಬರಬೇಕು.

ಕಾಫಿ ತೋಟದಲ್ಲಿ ದುಡಿಯುವ ಮಗಳ ಕೂಲಿಯ ಮಾತೇನು? ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ತೋಟಕ್ಕೆ ಹೋಗದ ದಿನ ದಿನಗೂಲಿ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೂ ಕಾಯಿಲೆ ಭತ್ಯೆ ಕೊಟ್ಟದ್ದು ಕಾರ್ಮಿಕರ ಸ್ವಂತ ಕಾಯಿಲೆಗೆ, ತಾಯಿಯ ಆರೈಕೆಗಲ್ಲ.

ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಒಳ್ಳೆಯದೇ. ಜೊತೆಗೆ ರೋಗಿಯ ಆರೈಕೆಗೆ ನಿಂತವರ ಕೂಲಿನಷ್ಟವನ್ನೂ ರಾಜ್ಯ ಸರ್ಕಾರ ತುಂಬಿಕೊಡಲಿ. ಕನಿಷ್ಠ ಕಿಮೋ ನಡೆಯುವಷ್ಟು ತಿಂಗಳಾದರೂ.