ಅಜ್ಜಿಯರನ್ನು ಹೊನ್ನಶೂಲಕ್ಕೇರಿಸಬೇಡಿ

ಆಫ್ರಿಕಾದಲ್ಲಿ ವೃದ್ಧಾಶ್ರಮಗಳೇ ಇಲ್ಲವಂತೆ. ಅಲ್ಲಿ ಊರಿಗೆ ಊರೇ ಹಿರಿಯರನ್ನು ಸಾಕುತ್ತದಂತೆ. ಈ ಅರ್ಥದ ಮಾತು ಈಚೆಗೆ ಮತ್ತೆ ಮತ್ತೆ ನನ್ನ ಕಿವಿಗೆ ಬೀಳುತ್ತಿದೆ. ಹಿರಿಯ ನಾಗರಿಕರ ದಿನಾಚರಣೆಯ ಭಾಷಣಗಳಲ್ಲಿ ಇದು ಬರುತ್ತದೆ. ಫೋನಿನಿಂದ ಫೋನಿಗೆ ಹಾರುವ ಸಂದೇಶಗಳಲ್ಲಿ, ನಗುಮುಖದ ಅಜ್ಜಿಯೊಬ್ಬರ ಚಿತ್ರದ ಕೆಳಗೆ, "ಉಬುಂಟು" ಎಂಬ ಪದದೊಡನೆ ಬರುತ್ತದೆ. ಕೊನೆಯಲ್ಲಿ ನಮಗೊಂದು ನೀತಿಪಾಠ ತಪ್ಪದೆ ಇರುತ್ತದೆ: ಪ್ರೀತಿಯೊಂದಿದ್ದರೆ ಸಾಕು, ಪಿಂಚಣಿ, ಸರ್ಕಾರದ ನೆರವು ಇವೆಲ್ಲ ಬಾಂಧವ್ಯವನ್ನು ಕೆಡಿಸುವ ಪಾಶ್ಚಾತ್ಯ ವ್ಯಾಧಿಗಳು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರೂ ಇದನ್ನು ನನಗೆ ಕಳುಹಿಸಿದ್ದೀರಿ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಆ ಮಾತು ಸತ್ಯವಲ್ಲ. ಅದಕ್ಕಿಂತ ಮುಖ್ಯವಾಗಿ, ಯಾವ ಅಜ್ಜಿಯರನ್ನು ಅದು ಹೊಗಳುತ್ತದೆಯೋ ಅವರಿಗೇ ಅನ್ಯಾಯ ಮಾಡುತ್ತದೆ. ಸಮಾಜ ಅವರನ್ನು ಹೊತ್ತಿಲ್ಲ. ಅವರೇ ಸಮಾಜವನ್ನು ಹೊತ್ತಿದ್ದಾರೆ. ಇದನ್ನು ದಕ್ಷಿಣ ಆಫ್ರಿಕಾದ ಟೌನ್‌ಶಿಪ್‌ಗಳ ಉದಾಹರಣೆಯಿಂದ ವಿವರಿಸಲು ಯತ್ನಿಸುತ್ತೇನೆ.

ಮೊದಲಿಗೆ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಟೌನ್‌ಶಿಪ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕುದುರೆಮುಖದಂಥ ಕಡೆ ಕಂಪನಿಯವರು ನೌಕರರಿಗಾಗಿ ಕಟ್ಟಿಸಿದ ಅಚ್ಚುಕಟ್ಟಾದ ಮನೆಗಳ ಸಾಲು. ದಕ್ಷಿಣ ಆಫ್ರಿಕಾದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ. ನಗರಕ್ಕೆ ಕಪ್ಪು ಜನರ ದುಡಿಮೆ ಬೇಕು, ಆದರೆ ಅವರ ನೆರೆ ಬೇಡ ಎಂದು ಊರಾಚೆ ನಿರ್ಮಿಸಿದ ಪ್ರತ್ಯೇಕ ವಸತಿಯೇ ಟೌನ್‌ಶಿಪ್. ಜೋಹಾನ್ಸ್‌ಬರ್ಗಿನ ಸೊವೆಟೊ, ಅಲೆಕ್ಸಾಂಡ್ರ, ಕೇಪ್‌ಟೌನಿನ ಲಾಂಗಾ, ಗುಗುಲೆತು ಇವೆಲ್ಲ ಅಂಥವು.

ಸೊವೆಟೊ ಹುಟ್ಟಿದ ಕಥೆಯಲ್ಲಿ ನಮ್ಮವರೂ ಇದ್ದಾರೆ ಎಂಬುದು ಬಹಳ ಮಂದಿಗೆ ತಿಳಿಯದು. 1904ರಲ್ಲಿ ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆ ಕೇರಿಯನ್ನು ಬಿಳಿಯರು "ಕೂಲಿ ಲೊಕೇಶನ್" ಎಂದೇ ಕರೆಯುತ್ತಿದ್ದರು. ಅಲ್ಲಿ ಗಾಂಧೀಜಿಯವರು ರೋಗಿಗಳ ಶುಶ್ರೂಷೆ ಮಾಡಿದ ಸಂಗತಿ ಅವರ ಆತ್ಮಕಥೆಯಲ್ಲಿದೆ. ನಗರಾಡಳಿತವು ಕೇರಿಗೆ ಬೆಂಕಿಯಿಟ್ಟು, ಅಲ್ಲಿದ್ದ ಭಾರತೀಯರನ್ನೂ ಆಫ್ರಿಕನ್ನರನ್ನೂ ಕ್ಲಿಪ್‌ಸ್ಪ್ರೂಟ್ ಎಂಬಲ್ಲಿಗೆ, ನಗರದ ಹೊಲಸು ನೀರನ್ನು ಹರಿಯಬಿಡುತ್ತಿದ್ದ ಜಾಗದ ಪಕ್ಕಕ್ಕೆ ಸಾಗಿಸಿತು. ಮುಂದೆ ಅದರ ಸುತ್ತ ಬೆಳೆದ ವಸತಿಗಳ ಸಮೂಹಕ್ಕೆ 1963ರಲ್ಲಿ ಸೊವೆಟೊ ಎಂಬ ಹೆಸರಾಯಿತು. ಮಮತೆಯಿಂದ ಕೂಡಿ ಬಾಳೋಣವೆಂದು ಜನರು ತಾವಾಗಿ ಕಟ್ಟಿಕೊಂಡ ಊರು ಇದಲ್ಲ. ಅಟ್ಟಿಸಿಕೊಂಡವರು ಬಂದು ಸೇರಿದ ಊರು.

ಇನ್ನು ಅಲ್ಲಿನ ಹಿರಿಯರ ಪಾಡು. ವರ್ಣಭೇದ ನೀತಿಯ ಸರ್ಕಾರಕ್ಕೆ ಕಪ್ಪು ಮನುಷ್ಯನ ಬೆಲೆ ಅವನ ತೋಳಿನ ಕಸುವಿಗೆ ಸಮ. 1967ರಲ್ಲಿ ಹೊರಟ ಸರ್ಕಾರಿ ಸುತ್ತೋಲೆಯೊಂದು, ನಗರದ ಕೆಲಸಕ್ಕೆ ಬಾರದವರನ್ನು ಅವರವರ "ತಾಯ್ನಾಡು"ಗಳೆಂದು ಗುರುತಿಸಿದ ಬಡ ಪ್ರದೇಶಗಳಿಗೆ ಸಾಗಿಸಬೇಕೆಂದು ನಿರ್ದೇಶಿಸಿತು. ಮುದುಕರು, ದುರ್ಬಲರು, ವಿಧವೆಯರು, ಅವಲಂಬಿತ ಮಕ್ಕಳುಳ್ಳ ಹೆಂಗಸರು ಆ ಪಟ್ಟಿಯಲ್ಲಿದ್ದರು. ಜೀವಮಾನವಿಡೀ ಅನ್ಯರ ಮನೆಯಲ್ಲಿ ಪಾತ್ರೆ ತೊಳೆದು, ಅನ್ಯರ ಮಕ್ಕಳನ್ನು ಸಾಕಿ, ಕೈ ಸೋತೊಡನೆ ಹೊರಡು ಎನ್ನಿಸಿಕೊಳ್ಳುವ ಸ್ಥಿತಿ. ಆ ಕಾಲದಲ್ಲಿ ಸರ್ಕಾರದ ಅನುದಾನ ಪಡೆಯುತ್ತಿದ್ದ ವೃದ್ಧಾಶ್ರಮಗಳು ಬಹುಮಟ್ಟಿಗೆ ಬಿಳಿಯರಿಗಾಗಿಯೇ ಇದ್ದವು. ಟೌನ್‌ಶಿಪ್‌ಗಳಲ್ಲಿ ಅವು ವಿರಳವಾಗಿದ್ದುದಕ್ಕೆ ಸಂಸ್ಕೃತಿಯೊಂದೇ ಕಾರಣವಲ್ಲ. ಅವರಿಗಾಗಿ ಯಾರೂ ಕಟ್ಟಿಸಲಿಲ್ಲ, ಅಷ್ಟೆ. ಇಲ್ಲದಂತೆ ಮಾಡಿದ್ದನ್ನು ಬೇಡವೆಂದು ಬಿಟ್ಟದ್ದೆಂದು ಹೇಳಿ ಹೊಗಳುವುದು ಯಾವ ನ್ಯಾಯ?

ಈ ಇಲ್ಲಗಳ ನಡುವೆಯೇ ಅಲ್ಲಿನ ಜನ, ಅದರಲ್ಲೂ ಹೆಂಗಸರು, ತಮ್ಮ ವ್ಯವಸ್ಥೆಗಳನ್ನು ತಾವೇ ಕಟ್ಟಿಕೊಂಡರು. ಅವುಗಳಲ್ಲಿ ಪ್ರಸಿದ್ಧವಾದುದು ಸ್ಟೋಕ್‌ವೆಲ್. ಹತ್ತು ಹನ್ನೆರಡು ಮಂದಿ ಸೇರಿ ತಿಂಗಳಿಗಿಷ್ಟೆಂದು ಹಾಕಿ, ಸರದಿಯಂತೆ ಒಬ್ಬೊಬ್ಬರು ಇಡೀ ಗಂಟನ್ನು ಎತ್ತಿಕೊಳ್ಳುವ ಪದ್ಧತಿ. ನಮ್ಮ ಚೀಟಿಯಂತೆಯೇ, ಆದರೆ ಹರಾಜಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈಸ್ಟರ್ನ್ ಕೇಪಿನಲ್ಲಿ ಇಂಗ್ಲಿಷ್ ವಲಸಿಗರು ನಡೆಸುತ್ತಿದ್ದ ದನದ ಸಂತೆಯ ಹೆಸರಿನಿಂದ ಈ ಪದ ಬಂದಿದೆ. ವರ್ಷವಿಡೀ ಕೂಡಿಟ್ಟು ಡಿಸೆಂಬರಿನಲ್ಲಿ ಹಿಟ್ಟು, ಎಣ್ಣೆ, ಸಕ್ಕರೆಗಳನ್ನು ಸಗಟಾಗಿ ಕೊಂಡು ಹಂಚಿಕೊಳ್ಳುವ ಸ್ಟೋಕ್‌ವೆಲ್‌ಗಳೂ ಇವೆ. ಇದರ ಜೊತೆಗೆ ಶವಸಂಸ್ಕಾರ ಸಂಘಗಳು. ಸದಸ್ಯರ ಮನೆಯಲ್ಲಿ ಸಾವಾದರೆ ಸಂಘದ ಹಣ ಬರುತ್ತದೆ. ಹಣದ ಹಿಂದೆಯೇ ದೊಡ್ಡ ಹಂಡೆಗಳನ್ನು ಹೊತ್ತು ಅಡುಗೆಗೆ ನಿಲ್ಲುವ ಹೆಂಗಸರು ಬರುತ್ತಾರೆ. ಮೂರನೆಯದು "ಮನ್ಯಾನೊ" ಎಂಬ ಪ್ರಾರ್ಥನಾ ಕೂಟ. ಮನೆಗೆಲಸದವರಿಗೆ ಬಿಡುವು ಸಿಗುತ್ತಿದ್ದ ಗುರುವಾರ ಮಧ್ಯಾಹ್ನವೇ ಅದರ ಹೊತ್ತಾಯಿತು. ಮೆಥಡಿಸ್ಟ್ ಸಭೆಯ ಹೆಂಗಸರು ಕೆಂಪು ರವಿಕೆ, ಕಪ್ಪು ಲಂಗ, ಬಿಳಿಯ ಟೋಪಿ ತೊಟ್ಟು ಕೂಡುತ್ತಿದ್ದರು. ಹಾಡಿ, ಅತ್ತು, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದನ್ನು ಅಲ್ಲಿಯೇ ತಿಳಿದುಕೊಳ್ಳುತ್ತಿದ್ದರು.

"ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ" ಎಂಬುದು ಜುಲು ಭಾಷೆಯ ಗಾದೆ. ಉಬುಂಟುವಿನ ತಿರುಳು ಅದೇ. ಆ ಗಾದೆಯನ್ನು ನಾನು ಗೌರವಿಸುತ್ತೇನೆ. ಆದರೆ ಗಾದೆ ತಾನಾಗಿ ಒಲೆ ಹೊತ್ತಿಸುವುದಿಲ್ಲ. ತಿಂಗಳ ಚಂದಾ ಕಟ್ಟಬೇಕು, ಲೆಕ್ಕ ಬರೆಯಬೇಕು, ಹಂಡೆ ಹೊರಬೇಕು. ಇದನ್ನೆಲ್ಲ ಮಾಡಿದವರಲ್ಲಿ ದೊಡ್ಡ ಪಾಲು "ಗೋಗೋ" ಎಂದು ಕರೆಸಿಕೊಳ್ಳುವ ಅಜ್ಜಿಯರದು. ಅವರ ಬೆವರನ್ನು ಬಿಟ್ಟು ಗಾದೆಯನ್ನಷ್ಟೇ ಹೊಗಳುವುದೆಂದರೆ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದಂತಾಯಿತು.

ಈಗ ಪಿಂಚಣಿಯ ವಿಷಯಕ್ಕೆ ಬರೋಣ. ದಕ್ಷಿಣ ಆಫ್ರಿಕಾದಲ್ಲಿ ವೃದ್ಧಾಪ್ಯ ವೇತನ ಆರಂಭವಾದದ್ದು 1928ರಲ್ಲಿ. ಆಗ ಕಪ್ಪು ಜನರಿಗೆ ಅದು ಇರಲಿಲ್ಲ. 1944ರಲ್ಲಿ ಅವರಿಗೂ ವಿಸ್ತರಿಸಿದರು. ಆದರೆ ಮೊತ್ತ ಬಿಳಿಯರಿಗಿಂತ ಬಹಳ ಕಡಿಮೆ. 1993ರಲ್ಲಿ ಮಾತ್ರ ಎಲ್ಲ ಜನಾಂಗದವರಿಗೂ ಸಮನಾದ ಮೊತ್ತ ದೊರೆಯಿತು. ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಆ ವರ್ಷದ ಅಂಕಿಅಂಶಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಈ ವೇತನವು ಕಪ್ಪು ಜನರ ತಲಾ ಆದಾಯದ ಮಧ್ಯಮ ಮಟ್ಟದ ಎರಡು ಪಟ್ಟಿನಷ್ಟಿತ್ತು. ಮೊಮ್ಮಕ್ಕಳಿರುವ ಬಡಮನೆಗಳಿಗೆ ಅದು ತಲುಪುತ್ತಿತ್ತು. ಎಸ್ತರ್ ಡುಫ್ಲೊ 2003ರಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ತೋರಿಸಿದರು. ವೇತನ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ದೇಹದ ಬೆಳವಣಿಗೆ ಸುಧಾರಿಸಿತ್ತು. ಅಜ್ಜನ ಕೈಗೆ ಬಂದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಅಜ್ಜಂದಿರ ಪಂಗಡಕ್ಕೆ ಸೇರಿದ ನಾನು ಇದನ್ನು ತಲೆತಗ್ಗಿಸಿ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ.

ಅಂದರೆ ಹಣ ಬಂದಾಗ ಬಾಂಧವ್ಯ ಕೆಡಲಿಲ್ಲ. ಬಾಂಧವ್ಯಕ್ಕೆ ಅನ್ನ ಸಿಕ್ಕಿತು. ಅಜ್ಜಿಯ ಪ್ರೀತಿ ಮೊದಲೂ ಇತ್ತು. ವೇತನ ಬಂದ ಮೇಲೆ ಅದು ಮೊಮ್ಮಗಳ ತಟ್ಟೆಗೆ ಇಳಿಯಿತು.

ಈ ಮಾತಿನ ನಿಜವಾದ ಪರೀಕ್ಷೆ ನಡೆದದ್ದು ಏಡ್ಸ್ ರೋಗದ ವರ್ಷಗಳಲ್ಲಿ. ಅಧ್ಯಕ್ಷ ಥಾಬೊ ಎಂಬೆಕಿಯವರ ಸರ್ಕಾರವು ರೋಗದ ಕಾರಣವನ್ನೇ ಶಂಕಿಸುತ್ತ ಔಷಧಿಯನ್ನು ತಡಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ವ್ಯಾಪಕವಾಗಿ ಆರಂಭವಾದದ್ದು 2004ರಲ್ಲಿ. ಈ ವಿಳಂಬದಿಂದ ಮೂರು ಲಕ್ಷಕ್ಕೂ ಅಧಿಕ ಜೀವಗಳು ಹೋದವೆಂದು 2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜು ಮಾಡಿದರು. ಹೋದವರಲ್ಲಿ ಬಹಳ ಮಂದಿ ನಡುವಯಸ್ಸಿನವರು, ದುಡಿಯುವವರು, ತಂದೆತಾಯಿಯರು. ಉಳಿದವರು ಅಜ್ಜಿ ಮತ್ತು ಮೊಮ್ಮಕ್ಕಳು. ಹೆತ್ತ ಮಗಳಿಗೆ ಮಣ್ಣು ಕೊಟ್ಟು ಬಂದ ಸಂಜೆಯೇ ಅವಳ ಮಕ್ಕಳಿಗೆ ಗಂಜಿ ಕಾಯಿಸಬೇಕಾದ ಸಂಕಟವನ್ನು "ಆಫ್ರಿಕಾದ ಸುಂದರ ಕೌಟುಂಬಿಕ ಪರಂಪರೆ" ಎಂದು ಕರೆಯಲು ನಾಲಗೆ ಹೇಗೆ ಏಳುತ್ತದೆ? ಒಂದು ಸರ್ಕಾರದ ತಪ್ಪಿನ ಭಾರ ಆ ಅಜ್ಜಿಯರ ಬೆನ್ನ ಮೇಲೆ ಬಿದ್ದಿತ್ತು. ಅವರು ಹೊತ್ತರು, ನಿಜ. ಹೊರುವುದನ್ನು ಬಿಟ್ಟು ಬೇರೆ ದಾರಿಯನ್ನು ಅವರಿಗೆ ಯಾರು ಉಳಿಸಿದ್ದರು?

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಮುದುಕರಿಗೆ ಹಣ ಕೊಟ್ಟರೆ ಮನೆಯ ಯುವಕರು ಸೋಮಾರಿಗಳಾಗುತ್ತಾರೆ ಎಂಬ ವಾದ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅದಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ವೇತನ ಬರುವ ಮನೆಗಳಲ್ಲಿ ದುಡಿಯುವ ವಯಸ್ಸಿನವರ ದುಡಿಮೆಯ ತಾಸು ಕಡಿಮೆಯಿತ್ತೆಂದು ಹೇಳಿದ ಅಧ್ಯಯನವೂ ಉಂಟು. ಆದರೆ ಕೆಲಸ ಹುಡುಕಿಕೊಂಡು ಹೊರಟುಹೋದವರನ್ನು ಆ ಲೆಕ್ಕ ಹಿಡಿಯಲಿಲ್ಲ. ಕ್ವಾಝುಲು-ನಟಾಲ್ ಪ್ರಾಂತ್ಯದ ಗ್ರಾಮೀಣ ಭಾಗದ ಒಂದೇ ಮನೆಗಳನ್ನು ಕೆಲವು ವರ್ಷ ಹಿಂಬಾಲಿಸಿ ನೋಡಿದ ಆರ್ಡಿಂಗ್ಟನ್, ಕೇಸ್ ಮತ್ತು ಹೋಸ್‌ಗುಡ್ ಎಂಬ ಸಂಶೋಧಕಿಯರು 2009ರಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು. ಅಜ್ಜಿಗೆ ವೇತನ ಬಂದಾಗ ಮಕ್ಕಳನ್ನು ಅವರ ಬಳಿ ಬಿಟ್ಟು, ದಾರಿಖರ್ಚಿಗೆ ಹಣ ಹೊಂದಿಸಿಕೊಂಡು, ಯುವಜನರು ಕೆಲಸಕ್ಕಾಗಿ ದೂರದೂರುಗಳಿಗೆ ಹೋಗುತ್ತಿದ್ದರು. ಅಜ್ಜಿಯ ವೇತನವು ಮಗಳಿಗೆ ಬಸ್ಸಿನ ಟಿಕೆಟ್ಟಾಗಿತ್ತು.

ಸಮುದಾಯವೆಂದರೆ ಎಲ್ಲರೂ ಸಜ್ಜನರೆಂದು ಭಾವಿಸುವುದೂ ತಪ್ಪು. ಟೌನ್‌ಶಿಪ್‌ಗಳಲ್ಲಿ "ಮಶೋನಿಸಾ" ಎಂದು ಕರೆಯಲ್ಪಡುವ ಬಡ್ಡಿ ಸಾಲಗಾರರು ಅದೇ ಬೀದಿಯವರೇ; ಸಾಲಕ್ಕೆ ಒತ್ತೆಯಾಗಿ ಮುದುಕರ ಪಿಂಚಣಿ ಕಾರ್ಡನ್ನೇ ಇಟ್ಟುಕೊಳ್ಳುವವರು. ದೊಡ್ಡ ಮಟ್ಟದಲ್ಲಿಯೂ ಇದೇ ಕಥೆ. ವೇತನ ಹಂಚುವ ಗುತ್ತಿಗೆ 2012ರಲ್ಲಿ ಖಾಸಗಿ ಕಂಪನಿಯೊಂದರ ಪಾಲಾಯಿತು. ಸಾಲ, ವಿಮೆ, ಫೋನಿನ ದುಡ್ಡು ಎಂದು ಹಿರಿಯರ ವೇತನದಿಂದ ಕಡಿತಗಳು ಆರಂಭವಾದವು. 2013ರಲ್ಲಿ ಸಂವಿಧಾನ ನ್ಯಾಯಾಲಯವು ಆ ಗುತ್ತಿಗೆಯನ್ನು ಅಸಿಂಧುವೆಂದಿತು. ಆದರೂ ಸರ್ಕಾರ ಬೇರೆ ವ್ಯವಸ್ಥೆ ಮಾಡದೆ ಕುಳಿತಿತು. 2017ರ ಮಾರ್ಚಿನಲ್ಲಿ, ಹಂಚಿಕೆ ನಿಂತೇಹೋಗಬಹುದೆಂಬ ಸ್ಥಿತಿ ಬಂದಾಗ, ಅದೇ ನ್ಯಾಯಾಲಯ ಮತ್ತೆ ಮಧ್ಯೆ ಪ್ರವೇಶಿಸಬೇಕಾಯಿತು. ಆ ದಾವೆಯನ್ನು ತಂದದ್ದು 1955ರಲ್ಲಿ ಹೆಂಗಸರು ಕಟ್ಟಿದ "ಬ್ಲ್ಯಾಕ್ ಸ್ಯಾಶ್" ಎಂಬ ಸಂಸ್ಥೆ. ಸಮುದಾಯ ಪ್ರಜ್ಞೆ ಎಂಬುದಕ್ಕೆ ನಿಜವಾದ ಉದಾಹರಣೆ ಬೇಕಿದ್ದರೆ ಇದನ್ನು ಹೇಳಿ. ಹಿರಿಯರ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ಪ್ರೀತಿಯೇ.

ಈಗ ಆ ಸರದಿಯಲ್ಲಿ ನಿಲ್ಲುವವರು ಯಾರೆಂದು ಯೋಚಿಸಿ. 1976ರ ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯನ್ನು ಪಾಠದ ಮಾಧ್ಯಮವಾಗಿ ಹೇರಿದ್ದನ್ನು ವಿರೋಧಿಸಿ ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಆಗ ಹದಿನಾಲ್ಕು ವರ್ಷವಾಗಿದ್ದ ಬಾಲಕಿಗೆ 2022ರಲ್ಲಿ ಅರವತ್ತು ತುಂಬಿತು. 1975-76ರ ಸುಮಾರಿಗೆ ಅಲ್ಲಿನ ಸರ್ಕಾರ ಬಿಳಿಯ ಮಗುವಿನ ಶಿಕ್ಷಣಕ್ಕೆ ವರ್ಷಕ್ಕೆ 644 ರ್ಯಾಂಡ್ ವೆಚ್ಚ ಮಾಡಿದರೆ, ಕಪ್ಪು ಮಗುವಿಗೆ ಮಾಡುತ್ತಿದ್ದುದು 42 ರ್ಯಾಂಡ್. ಅಂದು ಶಾಲೆಯಲ್ಲಿ ವಂಚಿತಳಾದವಳೇ ಇಂದಿನ ಗೋಗೋ. ಅವರು ನನ್ನ ಓರಗೆಯವರು. ನಾನು ಕಪ್ಪುಹಲಗೆಯ ಮುಂದೆ ಕಳೆದ ವರ್ಷಗಳನ್ನು ಅವರಲ್ಲಿ ಅನೇಕರು ಅನ್ಯರ ಅಡುಗೆಮನೆಯಲ್ಲಿ ಕಳೆದರು. 2024ರ ಕೊನೆಗೆ ಅವರ ವೇತನ ತಿಂಗಳಿಗೆ 2,190 ರ್ಯಾಂಡ್, ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ. ಇದು ದಾನವಲ್ಲ, ಬಹಳ ತಡವಾಗಿ, ಕಂತಿನಲ್ಲಿ ತೀರುತ್ತಿರುವ ಸಾಲ.

ಹಾಗೆಂದು ಅವರನ್ನು ಬರಿಯ ದುಃಖದ ಮೂರ್ತಿಗಳನ್ನಾಗಿಯೂ ನೋಡಬೇಡಿ. ಲಿಂಪೊಪೊ ಪ್ರಾಂತ್ಯದ ಎನ್ಕೊವಾನ್ಕೊವಾ ಟೌನ್‌ಶಿಪ್ಪಿನಲ್ಲಿ ಬೇಕಾ ಎನ್ಟ್ಸಾನ್ವಿಸಿ ಎಂಬ ರೇಡಿಯೊ ಉದ್ಘೋಷಕಿ, ಕ್ಯಾನ್ಸರಿನೊಡನೆ ಹೋರಾಡುತ್ತಲೇ ಅಜ್ಜಿಯರ ಫುಟ್‌ಬಾಲ್ ತಂಡವೊಂದನ್ನು ಕಟ್ಟಿದರು. "ವಖೆಗುಲಾ ವಖೆಗುಲಾ" ಎಂದು ಅದರ ಹೆಸರು. ತ್ಸೊಂಗಾ ಭಾಷೆಯಲ್ಲಿ ಅಜ್ಜಿಯರು ಎಂದರ್ಥ. 2010ರಲ್ಲಿ ಆ ತಂಡ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋಗಿ ಪಂದ್ಯಾವಳಿಯಲ್ಲಿ ಆಡಿ ಬಂದಿತು. ಈ ಅಜ್ಜಿಯರು ಯಾರನ್ನೂ ಸಾಕುತ್ತಿರಲಿಲ್ಲ, ಆ ಮೈದಾನದಲ್ಲಿ ಇದ್ದಷ್ಟು ಹೊತ್ತು. ತಮಗಾಗಿ ಓಡುತ್ತಿದ್ದರು, ಬೀಳುತ್ತಿದ್ದರು, ನಗುತ್ತಿದ್ದರು. ಹಿರಿಯರ ಬದುಕಿನಲ್ಲಿ ಇದಕ್ಕೂ ಸ್ಥಳ ಬೇಕು.

ನಮ್ಮವರು ಆಫ್ರಿಕಾವನ್ನು ಉದಾಹರಿಸಿ ಪಿಂಚಣಿ ಬೇಡವೆನ್ನುವುದರಿಂದ ಒಂದು ಮಾತನ್ನು ಇಲ್ಲಿಯ ಬಗೆಗೂ ಹೇಳಬೇಕಾಗಿದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದ ಬಡವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 2024ರಲ್ಲಿಯೂ ತಿಂಗಳಿಗೆ 200 ರೂಪಾಯಿಯೇ ಆಗಿತ್ತು. ರಾಜ್ಯಗಳು ತಮ್ಮ ಪಾಲನ್ನು ಅದಕ್ಕೆ ಸೇರಿಸುತ್ತವೆ. ಹೀಗಿರುವಾಗ ಅವರಿಂದ ಕಲಿಯಬೇಕಾದುದು ಪಿಂಚಣಿ ಬೇಡವೆಂಬುದನ್ನೋ, ಪಿಂಚಣಿ ಮರ್ಯಾದೆಯಿಂದ ಬದುಕುವಷ್ಟಿರಬೇಕೆಂಬುದನ್ನೋ?

ನಿಮ್ಮಲ್ಲಿ ಕೆಲವರು ಬ್ಯಾಂಕುಗಳಲ್ಲಿದ್ದೀರಿ, ಕೆಲವರು ತಾಲ್ಲೂಕು ಕಚೇರಿಗಳಲ್ಲಿದ್ದೀರಿ, ಒಬ್ಬಿಬ್ಬರು ಪಂಚಾಯಿತಿ ಸದಸ್ಯರೂ ಆಗಿದ್ದೀರಿ. ಬೆರಳಚ್ಚು ಹೊಂದಲಿಲ್ಲವೆಂದು, ಕಾಗದ ಒಂದು ಕಡಿಮೆಯಿದೆಯೆಂದು ವಾಪಸು ಹೋಗುವ ಅಜ್ಜಿ ನಿಮ್ಮ ಮೇಜಿನ ಮುಂದೆಯೇ ನಿಂತಿರುತ್ತಾರೆ. ಅವರಿಗೆ ಕುಳಿತುಕೊಳ್ಳಲು ಕುರ್ಚಿ ಕೊಡಿ, ಅದೇ ದಿನ ಕೆಲಸ ಮುಗಿಸಿ ಕಳುಹಿಸಿ, ಬಾಕಿ ವೇತನ ಎಷ್ಟು ತಿಂಗಳದ್ದೆಂದು ನೀವೇ ಕೇಳಿ. ಆಫ್ರಿಕಾದ ಅಜ್ಜಿಯರನ್ನು ಹೊಗಳುವ ಕೆಲಸವನ್ನು ಆಮೇಲೆ ನೋಡಿಕೊಳ್ಳೋಣ.