ಸಾಲು ಕದಲಿದರೆ ಕಥೆ ಉಳಿಯದು

ಕಾದಂಬರಿಕಾರನಿಗೆ ಪೂರ್ವಯೋಜನೆ ಅನಗತ್ಯ, ಬರೆಯುತ್ತ ಹೋದಂತೆ ಬಂಧ ತಾನಾಗಿ ಒದಗುತ್ತದೆ ಎಂಬ ವಾದವೊಂದುಂಟು. ಬಂಧದ ಚಿಂತನೆಯೇ ಪಶ್ಚಿಮದ ಆಮದು, ನಮ್ಮ ಕಥನ ಸ್ವಚ್ಛಂದವಾದುದು ಎಂಬುದು ಅದರ ಬೆಂಬಲಕ್ಕೆ ಬರುವ ಮಾತು. ಎರಡೂ ಕನ್ನಡದ ಕಥನಪರಂಪರೆಯ ಮುಂದೆ ನಿಲ್ಲುವುದಿಲ್ಲ.

ಜನ್ನನ 'ಯಶೋಧರ ಚರಿತೆ'ಯನ್ನು (1209) ಗಮನಿಸಬೇಕು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ತಾಯಿ ಚಂದ್ರಮತಿಯೂ ಹಲವು ಭವಗಳಲ್ಲಿ ತೊಳಲುತ್ತಾರೆ. ಕಾಲಾನುಕ್ರಮದಲ್ಲಿ ಹೇಳಿದ್ದರೆ ಇದು ಜನ್ಮಗಳ ಪಟ್ಟಿಯಾಗುತ್ತಿತ್ತು. ಆದರೆ ಕಾವ್ಯ ಆರಂಭವಾಗುವುದು ಮಾರಿಯ ಗುಡಿಯಲ್ಲಿ, ಬಲಿಗೆಂದು ತಂದ ಅಭಯರುಚಿ-ಅಭಯಮತಿಯರೊಡನೆ. ಹಿಂದಿನ ಭವಗಳನ್ನು ಹೇಳುವವನು ಅಭಯರುಚಿ. ಕೇಳುವವನು ಅವರನ್ನು ಕೊಲ್ಲಹೊರಟ ಮಾರಿದತ್ತ. ಆದ್ದರಿಂದ ಪ್ರತಿಯೊಂದು ಭವವೂ ಎದುರಿನ ಬಲಿಯನ್ನು ತಡೆಯುವ ವಾದವಾಗುತ್ತದೆ. ಈ ಚೌಕಟ್ಟು ಸಂಸ್ಕೃತದ ವಾದಿರಾಜನಲ್ಲಿಯೂ ಇತ್ತು. ಸಿದ್ಧ ಚೌಕಟ್ಟು ಜನ್ನನ ಪ್ರತಿಭೆಯನ್ನು ಕಟ್ಟಿಹಾಕಲಿಲ್ಲ. ಅಮೃತಮತಿಯ ಅಂತರಂಗವನ್ನು ಬೆಳೆಸಲು ಅವನಿಗೆ ಬಿಡುವು ಕೊಟ್ಟಿತು.

ಇದು ಪಂಡಿತರ ಕಾವ್ಯಕ್ಕಷ್ಟೇ ಸಲ್ಲುವ ಮಾತಲ್ಲ. ಬದನಗುಪ್ಪೆಯೂ ಸೇರಿದ ಚಾಮರಾಜನಗರ ಸೀಮೆಯಲ್ಲಿ ಕಂಸಾಳೆಯವರು ಮಲೆಮಾದೇಶ್ವರ ಕಾವ್ಯವನ್ನು 'ಸಾಲು'ಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲಿನಲ್ಲಿ ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಭಾಷೆ ಬೇಡುತ್ತಾನೆ. ಅವಳ ಸಂಕಟವೂ ಮಾದಪ್ಪನ ಪ್ರವೇಶವೂ ಆ ಬೇಡಿಕೆಯಿಂದಲೇ ಹುಟ್ಟುತ್ತವೆ. ಹಾಡುಗಾರ ವರ್ಣನೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಭಾಷೆಯ ಪ್ರಸಂಗವನ್ನು ಕೈಬಿಟ್ಟರೆ ಸಾಲೇ ಉಳಿಯದು. ಮುಂದೇನೆಂಬುದು ಗೊತ್ತಿರುವುದರಿಂದಲೇ ಅವನಿಗೆ ಆ ಸ್ವಾತಂತ್ರ್ಯ.

ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು (1984) ಬಂಧವಿಲ್ಲದ ಕೃತಿಯ ನಿದರ್ಶನವಾಗಿ ಮುಂದೊಡ್ಡುವುದು ಸುಲಭ. ಅಲ್ಲಿ ಜೋತಮ್ಮಗಳು ಮಾತಾಡುತ್ತವೆ, ಕಥೆ ತುಂಡುತುಂಡಾಗಿ ಬರುತ್ತದೆ. ಆದರೆ ಚೆನ್ನನ ಕೊಲೆಯನ್ನು ಒಬ್ಬನೇ ನಿರೂಪಕ ನೇರವಾಗಿ ಹೇಳಿದ್ದರೆ ಅದೊಂದು ವರದಿಯಾಗುತ್ತಿತ್ತು. ಊರು ಮುಚ್ಚಿಟ್ಟದ್ದನ್ನು ಹಲವು ಬಾಯಿಗಳಿಗೆ ಹಂಚಿದ್ದರಿಂದಲೇ ಆ ಮುಚ್ಚಿಡುವಿಕೆ ಓದುಗನ ಅನುಭವವಾಗುತ್ತದೆ. ತುಂಡುಗಳ ಈ ಜೋಡಣೆಯೂ ಬಂಧವೇ.

ಹಾಗೆಂದು ಇಷ್ಟನೆಯ ಪುಟದಲ್ಲಿ ತಿರುವು ಬರಲೇಬೇಕೆನ್ನುವ ಕೈಪಿಡಿಗಳಿಗೆ ಶರಣಾಗಬೇಕಿಲ್ಲ. ಅವು ಅಳತೆ ಹೇಳುತ್ತವೆ, ಕಾರಣ ಹೇಳುವುದಿಲ್ಲ. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳುತ್ತಿದ್ದಾರೆ? ಯಾವ ಘಟನೆಯನ್ನು ಕದಲಿಸಿದರೆ ಮುಂದಿನದು ಹುಟ್ಟುವುದಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಹುಡುಕದೆ ನೂರಾರು ಪುಟ ಬರೆದು, ಕೊನೆಗೆ ಆಕಸ್ಮಿಕ ಸಾವಿನಿಂದ ಕಥೆ ಮುಗಿಸುವುದನ್ನು ಸ್ವಾತಂತ್ರ್ಯವೆಂದು ವಿಮರ್ಶೆ ಒಪ್ಪಬಾರದು.