ಗುಂಪಿನಲ್ಲಿ ಗೋವಿಂದನಾಗದ ನಾದ

ಮದುವೆ ಮನೆಯಲ್ಲಿ ಹತ್ತು ಮಂದಿ ಒಟ್ಟಿಗೆ ಮಾತಿಗೆ ತೊಡಗಿದರೆ ಯಾರ ಮಾತೂ ತಿಳಿಯುವುದಿಲ್ಲ. ಪ್ರತಿಯೊಬ್ಬರೂ ದನಿ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಸಿಂತಸೈಸರ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ಹಾಡು ಕಟ್ಟಲು ಹೊರಟ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲಿಯೇ.

ಈಗ ಸಿಂತಸೈಸರ್ ಬೇಕೆಂದರೆ ದೊಡ್ಡ ಯಂತ್ರವನ್ನೇ ಕೊಳ್ಳಬೇಕಾಗಿಲ್ಲ. ಕಂಪ್ಯೂಟರಿಗೆ ಉಚಿತವಾಗಿ ಸಿಗುವ ತಂತ್ರಾಂಶಗಳೇ ಸಾಕಷ್ಟಿವೆ. ವಿದ್ಯಾರ್ಥಿ ಒಂದು ನಾದವನ್ನು ಸಿದ್ಧಮಾಡುತ್ತಾನೆ. ಒಂಟಿಯಾಗಿ ಕೇಳಿದಾಗ ಅದು ಕೋಣೆ ತುಂಬುತ್ತದೆ. ಅದರ ಮೇಲೆ ಅಷ್ಟೇ ಭರ್ಜರಿಯಾದ ಎರಡನೆಯದು, ಮೂರನೆಯದು, ಕೊನೆಗೆ ಗಾಯನ. ಎಲ್ಲವೂ ಸೇರಿದಾಗ ಕಲಸುಮೇಲೋಗರ! ಹಾಡಿನ ಸಾಹಿತ್ಯವೂ ಕೇಳಿಸದು. ಹಾಗಾದರೆ ಅಷ್ಟು ಚೆನ್ನಾಗಿದ್ದ ನಾದಗಳು ಹೋದದ್ದೆಲ್ಲಿಗೆ? ಎಲ್ಲಿಗೂ ಹೋಗಿಲ್ಲ. ಗಾಳಿಯಲ್ಲಿ ಅವು ಇದ್ದೇ ಇವೆ. ಅವು ಮರೆಯಾದದ್ದು ಕೇಳುಗನ ಕಿವಿಯೊಳಗೆ.

ಕಿವಿಯ ಲೆಕ್ಕಾಚಾರ

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗವಿದೆ. ಅದರ ಉದ್ದಕ್ಕೂ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯೊಂದು ಹಾಸಿಕೊಂಡಿದೆ. ಶಬ್ದ ಬಂದಾಗ ಈ ಪೊರೆಯ ಮೇಲೆ ಅಲೆಯೊಂದು ಸಾಗುತ್ತದೆ. ಹೆಚ್ಚು ಆವೃತ್ತಿಯ, ಅಂದರೆ ತಾರದ ಸ್ವರಗಳು ಪೊರೆಯ ಬುಡದಲ್ಲಿಯೇ ಅದನ್ನು ಕುಣಿಸಿ ಮುಗಿಯುತ್ತವೆ. ಮಂದ್ರದ ಸ್ವರಗಳ ಅಲೆ ಬುಡವನ್ನು ದಾಟಿ ತುದಿಯವರೆಗೂ ಹೋಗುತ್ತದೆ. ಇದನ್ನು ತೋರಿಸಿಕೊಟ್ಟ ಹಂಗೇರಿ ಮೂಲದ ವಿಜ್ಞಾನಿ ಗಿಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಇದರಿಂದ ಎರಡು ಪರಿಣಾಮಗಳುಂಟು. ಆವೃತ್ತಿಗಳು ಹತ್ತಿರ ಹತ್ತಿರವಿರುವ ಎರಡು ನಾದಗಳು ಪೊರೆಯ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ. ಬಲವಾದದ್ದು ಗೆಲ್ಲುತ್ತದೆ, ದುರ್ಬಲವಾದದ್ದು ಕೇಳಿಸುವುದೇ ಇಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ 1940ರಲ್ಲಿ ವಿವರಿಸಿದ್ದು ಈ ಸಂಗತಿಯನ್ನೇ. ಎರಡನೆಯದಾಗಿ, ಮಂದ್ರದ ಅಲೆ ತುದಿಗೆ ಹೋಗುವ ದಾರಿಯಲ್ಲಿ ತಾರದ ಜಾಗವನ್ನೂ ಅಲುಗಿಸುವುದರಿಂದ, ದಪ್ಪ ನಾದ ತೆಳು ನಾದವನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಇದರ ವಿರುದ್ಧವಾದದ್ದು ಅಷ್ಟಾಗಿ ನಡೆಯದು. ಶಬ್ದ ಜೋರಾದಷ್ಟೂ ಮಂದ್ರದ ಈ ದಬ್ಬಾಳಿಕೆ ಹೆಚ್ಚುತ್ತದೆ. ಆದ್ದರಿಂದ ವಾಲ್ಯೂಮ್ ಗುಂಡಿಯನ್ನು ತಿರುಗಿಸಿ ಈ ತೊಂದರೆಯಿಂದ ಪಾರಾಗಲು ಸಾಧ್ಯವಿಲ್ಲ.

ಪ್ಯಾಚ್ ಎಂದರೇನು?

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ತಮ್ಮ ಸಿಂತಸೈಸರನ್ನು ಸಾರ್ವಜನಿಕರ ಮುಂದಿಟ್ಟರು. ಅದರ ಬೇರೆ ಬೇರೆ ಘಟಕಗಳನ್ನು ಪ್ಯಾಚ್ ಕಾರ್ಡ್ ಎಂಬ ತಂತಿಗಳಿಂದ ಜೋಡಿಸಬೇಕಿತ್ತು. ಒಂದೊಂದು ಜೋಡಣೆಗೆ ಒಂದೊಂದು ನಾದ. ಆ ಜೋಡಣೆಗೆ ಪ್ಯಾಚ್ ಎಂಬ ಹೆಸರು ಬಂತು. ತಂತಿಗಳು ಮಾಯವಾದರೂ ಹೆಸರು ಉಳಿದಿದೆ.

ಪ್ಯಾಚಿನಲ್ಲಿ ಮುಖ್ಯ ಭಾಗಗಳು ಮೂರು. ಆಂದೋಲಕ ಕಂಪನವನ್ನು ಹುಟ್ಟಿಸುತ್ತದೆ. ಫಿಲ್ಟರ್ ಬೇಡದ ಆವೃತ್ತಿಗಳನ್ನು ಸೋಸುತ್ತದೆ. ಎನ್ವಲಪ್ ಎಂಬ ಘಟಕ ನಾದ ಎಷ್ಟು ಬೇಗ ಏಳಬೇಕು, ಹೇಗೆ ಆರಬೇಕು ಎಂದು ನಿರ್ಧರಿಸುತ್ತದೆ. ಗರಗಸದ ಹಲ್ಲಿನಾಕಾರದ ತರಂಗದಲ್ಲಿ 110 ಹರ್ಟ್ಸ್ ಸ್ವರ ನುಡಿಸಿದರೆ ಅದೊಂದೇ ಆವೃತ್ತಿ ಹೊರಡುವುದಿಲ್ಲ. 220, 330, 440 ಹೀಗೆ ಅದರ ಎಲ್ಲ ಗುಣಕಗಳೂ ಹೊರಡುತ್ತವೆ. ಎರಡನೆಯದರ ಪಾರ ಮೊದಲನೆಯದರ ಅರ್ಧ, ಮೂರನೆಯದರದು ಮೂರನೇ ಒಂದು ಭಾಗ. ಇಂಥ ಮೂರು ಪ್ಯಾಚುಗಳು ಒಂದೇ ಸ್ವರ ನುಡಿಸಿದರೆ ಎಲ್ಲವೂ ಅದೇ ಆವೃತ್ತಿಗಳ ಮೇಲೆ ಬಂದು ಕೂರುತ್ತವೆ. ಕಲಸುಮೇಲೋಗರಕ್ಕೆ ಇದೇ ಕಾರಣ.

ಕಳೆಯುವ ಲೆಕ್ಕ

ಪರಿಹಾರವಿರುವುದು ಕೂಡುವುದರಲ್ಲಲ್ಲ, ಕಳೆಯುವುದರಲ್ಲಿ. ಮಂದ್ರದ ಜಾಗವನ್ನು ಬೇಸ್ ವಾದ್ಯಕ್ಕೆ ಬಿಟ್ಟು, ಉಳಿದ ಪ್ಯಾಚುಗಳಲ್ಲಿ ಕೆಳಗಿನ ಆವೃತ್ತಿಗಳನ್ನು ಫಿಲ್ಟರಿನಿಂದ ತೆಗೆದುಹಾಕಬಹುದು. ಹಾಗೆ ಮಾಡಿದರೆ ಸ್ವರವೇ ಬದಲಾಗದೇ ಎಂಬ ಅನುಮಾನ ಸಹಜ. ಬದಲಾಗದು. 110 ಮತ್ತು 220 ಹರ್ಟ್ಸ್‌ಗಳನ್ನು ತೆಗೆದರೂ 330, 440, 550 ಉಳಿದಿರುತ್ತವೆ. ಅವುಗಳ ನಡುವಿನ ಅಂತರ 110. ಮಿದುಳು ಆ ಅಂತರವನ್ನು ಹಿಡಿದು 110ರ ಸ್ವರವನ್ನೇ ಗುರುತಿಸುತ್ತದೆ. ಹಳೆಯ ಸ್ಥಿರ ದೂರವಾಣಿಯ ತಂತಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಆವೃತ್ತಿಗಳು ಮಾತ್ರ ಸಾಗುತ್ತಿದ್ದವು. ಗಂಡಸರ ದನಿಯ ಮೂಲ ಆವೃತ್ತಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಆದರೂ ತಂದೆಯ ದನಿ ತಂದೆಯ ದನಿಯಾಗಿಯೇ ಕೇಳಿಸುತ್ತಿತ್ತಲ್ಲವೇ?

ಎರಡನೆಯ ಉಪಾಯವನ್ನು ಗಾಯಕರಿಂದ ಕಲಿಯಬೇಕು. ಪಾಶ್ಚಾತ್ಯ ಅಪೆರಾದ ಗಾಯಕ ಮೈಕಿಲ್ಲದೆಯೇ ದೊಡ್ಡ ವಾದ್ಯವೃಂದವನ್ನು ಮೀರಿ ಕೇಳಿಸುತ್ತಾನೆ. ಅವನೇನು ಅಷ್ಟೂ ವಾದ್ಯಗಳಿಗಿಂತ ಜೋರಾಗಿ ಹಾಡುವುದಿಲ್ಲ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ಇದರ ಗುಟ್ಟನ್ನು ವಿವರಿಸಿದರು. ವಾದ್ಯವೃಂದದ ಬಲ ಹೆಚ್ಚಾಗಿರುವುದು 500 ಹರ್ಟ್ಸ್ ಆಸುಪಾಸಿನಲ್ಲಿ. ಪಳಗಿದ ಗಾಯಕ ಗಂಟಲಿನ ಆಕಾರವನ್ನು ಹೊಂದಿಸಿಕೊಂಡು 3000 ಹರ್ಟ್ಸ್ ಸುತ್ತಮುತ್ತ ಹೆಚ್ಚುವರಿ ಬಲ ತಂದುಕೊಳ್ಳುತ್ತಾನೆ. ವಾದ್ಯಗಳು ಅಲ್ಲಿ ದುರ್ಬಲ, ಕಿವಿ ಅಲ್ಲಿ ಬಹಳ ಚುರುಕು. ಸಿಂತಸೈಸರಿನ ಫಿಲ್ಟರಿನಲ್ಲಿ ಅನುರಣನದ ಗುಂಡಿಯಿದೆ. ಬೇರೆ ವಾದ್ಯಗಳು ಖಾಲಿ ಬಿಟ್ಟ ಜಾಗದಲ್ಲಿ ಪ್ಯಾಚಿಗೆ ಹೀಗೆಯೇ ಒಂದು ಉಬ್ಬು ಕೊಡಬಹುದು. ಹಾಡಿನಲ್ಲಿ ಗಾಯನವಿದ್ದರೆ ಮಾತ್ರ 2000ದಿಂದ 4000 ಹರ್ಟ್ಸ್‌ವರೆಗಿನ ಜಾಗವನ್ನು ಆದಷ್ಟೂ ಅದಕ್ಕೇ ಬಿಡಬೇಕು. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ ಅಲ್ಲಿಯೇ ಇರುವುದು.

ಮೂರನೆಯದು ಕಾಲದ ಹಂಚಿಕೆ. ಥಟ್ಟನೆ ಎದ್ದು ಬೇಗ ಆರುವ ನಾದವೂ ಅರ್ಧ ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಏಳುವ ನಾದವೂ ಒಂದೇ ಆವೃತ್ತಿಗಳಲ್ಲಿ ಹೆಚ್ಚು ಜಗಳವಾಡದೆ ಬಾಳಬಲ್ಲವು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್ 7 ಸಿಂತಸೈಸರಿನ ಎಲೆಕ್ಟ್ರಿಕ್ ಪಿಯಾನೊ ನಾದ ಆ ದಶಕದ ಅನೇಕ ಹಾಡುಗಳಲ್ಲಿ ಕೇಳಿಬಂತು. ಗಂಟೆಯಂತೆ ಟಣ್ಣೆಂದು ಎದ್ದು, ಕೂಡಲೇ ತಗ್ಗಿ ಗಾಯಕನಿಗೆ ದಾರಿ ಬಿಡುವುದು ಅದರ ಗುಣ.

ಈ ವಿವೇಕಕ್ಕೆ ಒಳ್ಳೆಯ ಉದಾಹರಣೆ 1968ರಲ್ಲಿ ವೆಂಡಿ ಕಾರ್ಲೋಸ್ ಹೊರತಂದ ‘ಸ್ವಿಚ್ಡ್ ಆನ್ ಬಾಖ್’ ಧ್ವನಿಮುದ್ರಿಕೆ. ಬಾಖ್ ಸಂಗೀತದಲ್ಲಿ ಹಲವು ರಾಗಸಾಲುಗಳು ಏಕಕಾಲಕ್ಕೆ ಹರಿಯುತ್ತವೆ. ಮೋಗ್ ಯಂತ್ರವೋ ಆಗ ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿತ್ತು. ಕಾರ್ಲೋಸ್ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಟೇಪಿನಲ್ಲಿ ಮುದ್ರಿಸಿ ಜೋಡಿಸಿದರು. ನಾದಗಳ ಬಣ್ಣ ಬೇರೆ ಬೇರೆಯಾದ್ದರಿಂದ ಸಾಲುಗಳು ಒಂದರೊಳಗೊಂದು ಕರಗಿಹೋಗಲಿಲ್ಲ. 1970ರಲ್ಲಿ ಆ ಮುದ್ರಿಕೆಗೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಮಾಡಿ ನೋಡಿ, ಎಚ್ಚರದಿಂದಿರಿ

ವಿದ್ಯಾರ್ಥಿಗಳು ಪ್ಯಾಚನ್ನು ಒಂಟಿಯಾಗಿ ಕೇಳುತ್ತ ತಿದ್ದಬಾರದು. ಉಳಿದ ವಾದ್ಯಗಳು ನುಡಿಯುತ್ತಿರುವಾಗಲೇ ಗುಂಡಿ ತಿರುಗಿಸಬೇಕು. ಆಗ ಹೊಂದಿದ ನಾದವನ್ನು ಮತ್ತೆ ಒಂಟಿಯಾಗಿ ಕೇಳಿದರೆ ಬಡಕಲೆನಿಸಬಹುದು, ಗಾಬರಿ ಬೇಡ. ಆಮೇಲೆ ಒಟ್ಟು ಶಬ್ದವನ್ನು ಪಿಸುಮಾತಿನಷ್ಟು ತಗ್ಗಿಸಿ ಎಲ್ಲ ಸಾಲುಗಳೂ ಕೇಳಿಸುತ್ತವೆಯೇ ಎಂದು ಪರೀಕ್ಷಿಸಬೇಕು. ಒಂದು ಪ್ಯಾಚನ್ನು ಪೂರ್ತಿ ನಿಲ್ಲಿಸಿದರೂ ವ್ಯತ್ಯಾಸ ತಿಳಿಯದಿದ್ದರೆ ಅದು ಹಾಡಿಗೆ ಬೇಕಾಗಿಯೇ ಇಲ್ಲ.

ಪೋಷಕರು ಗಮನಿಸಬೇಕಾದ ಮಾತೊಂದಿದೆ. ಹೆಡ್‌ಫೋನ್ ಹಾಕಿಕೊಂಡು ಮರೆಯಾದ ನಾದವನ್ನು ಹುಡುಕುತ್ತ ವಾಲ್ಯೂಮ್ ಏರಿಸುವ ಮಕ್ಕಳಿಗೆ ನಾದ ಸಿಗುವುದಿಲ್ಲ, ಕಿವಿ ಮಾತ್ರ ಕೆಡುತ್ತದೆ. ಕೆಲಸದ ಸ್ಥಳಗಳಿಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಇಮ್ಮಡಿ, ಅವಧಿ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ! ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಮಗನೋ ಮಗಳೋ ಇನ್ನೂ ದುಬಾರಿಯ ಕೀಬೋರ್ಡ್ ಬೇಕೆಂದು ಹಟ ಹಿಡಿದಾಗ, ಇರುವ ವಾದ್ಯದಲ್ಲಿ ಯಾವ ನಾದ ಯಾರ ಜಾಗದಲ್ಲಿ ಕುಳಿತಿದೆ ಎಂದು ಮೊದಲು ಕೇಳಿ. ಫಿಲ್ಟರಿನ ಗುಂಡಿಯನ್ನು ತುಸು ತಿರುಗಿಸಿದರೆ ಸಾಕಾಗುವ ಕಡೆ ಸಾವಿರಾರು ರೂಪಾಯಿ ಖರ್ಚಾಗುವುದು ತಪ್ಪೀತು.